ಕೂಸು ನೋಡುವ ಮನೆ



ಶಿವಮೊಗ್ಗ, ಭದ್ರಾವತಿಗಳಿಂದ ಮಾಚೇನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಂದಿರ ಮಾತು ಒತ್ತಟ್ಟಿಗಿರಲಿ. 1948ರ ಕಾರ್ಖಾನೆ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಇರಲೇಬೇಕೆಂದಿತು; 1976ರಲ್ಲಿ ಆ ಸಂಖ್ಯೆ 30ಕ್ಕಿಳಿಯಿತು. ಆದರೆ ಬಟ್ಟೆ ಅಂಗಡಿಯಲ್ಲಿ ನಾಲ್ವರ ಜೊತೆ ನಿಂತು ದುಡಿಯುವವಳನ್ನು ಯಾವ ಸಂಖ್ಯೆಯೂ ಮುಟ್ಟಲಿಲ್ಲ. ಅವಳ ಕೂಸು ಪಕ್ಕದ ಮನೆಯಾಕೆಯ ಮಡಿಲಿಗೆ.

ಅದನ್ನು ಉಪಕಾರವೆಂದೇ ನಾವು ಎಣಿಸಿದೆವು. ಅದು ದುಡಿಮೆ, ಅದಕ್ಕೆ ಕೂಲಿ ಗೊತ್ತಾಗಬೇಕು.

ಮನೆಯೊಳಗಿನ ಕೆಲಸಕ್ಕೂ ಪರವಾನಗಿಯೇ ಎಂದು ವರ್ತಕರೊಬ್ಬರು ನಕ್ಕರು. ಚಹದಂಗಡಿಗೆ ಪರವಾನಗಿ ಕೇಳುವ ಊರು ಕೂಸುಗಳ ಮನೆಗೆ ಕೇಳಬಾರದೇ? ನೀರಿನ ತೊಟ್ಟಿಗೆ ಮುಚ್ಚಳವಿದೆಯೇ, ಒಲೆ ಮಕ್ಕಳ ಕೈಗೆಟುಕದಂತಿದೆಯೇ, ಒಬ್ಬಳ ಕೈಗೆ ಎಷ್ಟು ಹಾಲುಗೂಸು, ಇದನ್ನು ಯಾರಾದರೂ ಬಂದು ನೋಡಲಿ. ಹಾಲಿನ ಖರ್ಚನ್ನು ವರ್ತಕರೂ ಹೊರಲಿ. ಬೆಳಿಗ್ಗೆ ಅವರ ಅಂಗಡಿ ನಡೆಯುವುದು ಈ ಮನೆಯಾಕೆಯಿಂದಲೂ ಹೌದು.