ಯಂತ್ರ ಬಂತು, ನೋಡಿಕೊಳ್ಳುವವರು ಯಾರು?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಆಕಾಶವಾಣಿಯಲ್ಲಿ ಈ ಮಾತು ಕೇಳುತ್ತಿರುವವರಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ತಂದೆತಾಯಿಗಳಿದ್ದೀರಿ, ಪಾಠ ಹೇಳುವ ಮೇಷ್ಟ್ರುಗಳಿದ್ದೀರಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತು ಖರ್ಚುವೆಚ್ಚ ನೋಡುವವರಿದ್ದೀರಿ. ನಿಮ್ಮೆಲ್ಲರಿಗೂ ಸೇರಿದ ಒಂದು ಚರಿತ್ರೆಯನ್ನು ಇವತ್ತು ಹೇಳುತ್ತೇನೆ. ಬಳಪದಿಂದ ಸ್ಮಾರ್ಟ್ ಕ್ಲಾಸಿನವರೆಗೆ ನಮ್ಮ ಶಾಲೆಗಳಿಗೆ ಬಂದ ಸಲಕರಣೆಗಳ ಚರಿತ್ರೆ ಅದು. ಈ ಕಥೆಯ ಪ್ರತಿ ಘಟ್ಟದಲ್ಲೂ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತದೆ: ಸಲಕರಣೆ ಬಂದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಹಿಂದಿನ ಕೂಲಿಮಠಗಳಲ್ಲಿ ಮಗು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿತ್ತು. ಆಮೇಲೆ ಕಪ್ಪು ಬಳಿದ ಹಲಗೆ ಬಂತು, ಬಳಪ ಬಂತು. ಶಾನುಭೋಗರೂ ವ್ಯಾಪಾರಿಗಳೂ ಲೆಕ್ಕಕ್ಕೆ ಬಳಸುತ್ತಿದ್ದ ಕಡತವೂ ಇದೇ ಜಾತಿಯದು. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದರೆ ಕಡತ ಸಿದ್ಧ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಉಳಿ ಇಟ್ಟ ಬಳಪದ ಕಲ್ಲಿನ ತುಂಡೇ ಅದರ ಲೇಖನಿ. ಹಲಗೆಯ ಬಣ್ಣ ಹೋದರೆ ಇದ್ದಿಲು, ಸೊಪ್ಪಿನ ರಸ ಸೇರಿಸಿ ಮಕ್ಕಳೇ ಮತ್ತೆ ಬಳಿಯುತ್ತಿದ್ದರು. ಕಡತ ಸವೆದರೆ ಮನೆಯಲ್ಲೇ ಇನ್ನೊಮ್ಮೆ ಗಂಜಿ ಹಾಕುತ್ತಿದ್ದರು. ರಿಪೇರಿಗೆ ಊರು ಬಿಟ್ಟು ಹೋಗಬೇಕಾಗಿರಲಿಲ್ಲ. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಶುರುವಾದವು. ಪಾಠವನ್ನೂ ಸಲಕರಣೆಯನ್ನೂ ಮೇಲಿನಿಂದ ಯೋಜಿಸಿ ಹಳ್ಳಿಗೆ ಕಳಿಸುವ ಪದ್ಧತಿ ನಮ್ಮಲ್ಲಿ ಬೇರುಬಿಟ್ಟದ್ದು ಆ ಕಾಲದಿಂದ.

ಆಮೇಲೆ ಬಂದದ್ದು ನಮ್ಮ ಈ ರೇಡಿಯೋ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ಆಕಾಶವಾಣಿಯಲ್ಲಿ ಶಾಲಾ ಮಕ್ಕಳಿಗಾಗಿ ಪಾಠಗಳು ಬಂದವು. ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ದಂಥ ಸರಣಿಗಳು ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಲುಪಿದವು. ರೇಡಿಯೋಗೆ ದೊಡ್ಡ ಖರ್ಚಿಲ್ಲ, ಕರೆಂಟು ಹೋದರೆ ಸೆಲ್ ಸಾಕು. ಆದರೂ ಪಾಠ ನಾಟಬೇಕಾದರೆ ಮೇಷ್ಟ್ರು ಮೊದಲೇ ವೇಳಾಪಟ್ಟಿ ನೋಡಿಕೊಂಡಿರಬೇಕು, ಪ್ರಸಾರ ಮುಗಿದ ಕೂಡಲೇ ಮಕ್ಕಳನ್ನು ಮಾತಾಡಿಸಬೇಕು. ಬರಿದೇ ಪೆಟ್ಟಿಗೆ ಹಚ್ಚಿಟ್ಟರೆ ಅದು ಪಾಠವಾಗುವುದಿಲ್ಲ.

ಇನ್ನು 1975ಕ್ಕೆ ಬರೋಣ. ಆ ವರ್ಷದ ಆಗಸ್ಟ್ 1ರಿಂದ ಮರುವರ್ಷದ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಇಳಿಯಿತು. ನಮ್ಮ ರಾಜ್ಯದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಕರೆಂಟಿಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ಟಿ.ವಿ. ನಡೆಸಿದರು. ಕೆಟ್ಟ ಟಿ.ವಿ. ಸರಿಪಡಿಸಲು ಇಸ್ರೋ ಆಯಾ ಪ್ರದೇಶದಲ್ಲೇ ದುರಸ್ತಿ ಕೇಂದ್ರಗಳನ್ನು ಇಟ್ಟಿತ್ತು. ಟಿ.ವಿ., ರೇಡಿಯೋ, ಮುದ್ರಿತ ಪಾಠ ಮೂರನ್ನೂ ಜೋಡಿಸಿ ಎರಡು ಸುತ್ತಿನಲ್ಲಿ, ತಲಾ 12 ದಿನ, ಸುಮಾರು 50,000 ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. ಯಂತ್ರ, ದುರಸ್ತಿ, ತರಬೇತಿ ಈ ಮೂರನ್ನೂ ಒಟ್ಟಿಗೆ ಯೋಚಿಸಿದ ಯೋಜನೆ ಅದು. ಆದರೆ ಉಪಗ್ರಹ ಎರವಲಿನದು. ವರ್ಷ ತುಂಬಿತು, ಎಟಿಎಸ್-6 ಬೇರೆ ಕಡೆಗೆ ಸರಿಯಿತು, ಪ್ರಸಾರವೂ ಅಲ್ಲಿಗೆ ನಿಂತಿತು.

ನಮ್ಮದೇ ಉಪಗ್ರಹ ಬೇಕೆಂಬ ಹಂಬಲ ನಮ್ಮನ್ನು ಹಾಸನಕ್ಕೆ ನೇರವಾಗಿ ತಂದು ಮುಟ್ಟಿಸುತ್ತದೆ. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ನಾವೆಲ್ಲ ಹೇಳುವ ಎಂಸಿಎಫ್, ಕೆಲಸ ಶುರುಮಾಡಿತು. 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗ ಬಿಟ್ಟು ಕದಲದಂತೆ, ಅದರ ಆಂಟೆನಾ ಭೂಮಿಯ ಕಡೆಯಿಂದ ತಪ್ಪದಂತೆ, ಅಲ್ಲಿನ ಎಂಜಿನಿಯರುಗಳು ಹಗಲು ರಾತ್ರಿ ಪಾಳಿಯಲ್ಲಿ ಕಾಯುತ್ತಾರೆ. ಹಬ್ಬವಿರಲಿ, ಭಾನುವಾರವಿರಲಿ, ಪಾಳಿ ತಪ್ಪುವುದಿಲ್ಲ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ ಅದು. ನಮ್ಮ ರಾಜ್ಯ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮೂಲಕ ಕನ್ನಡ ಪಾಠಗಳನ್ನು ಕಳಿಸಿತು. ಕಾಡಂಚಿನ ಶಾಲೆಗೂ ಬೆಂಗಳೂರಿನ ಪಾಠ ತಲುಪಿತು. ಆದರೆ ದೇಶದ ಮಟ್ಟದಲ್ಲಿ ಈ ಯೋಜನೆಯನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ 2013ರಲ್ಲಿ ಕೊರತೆಗಳನ್ನು ಎತ್ತಿ ತೋರಿಸಿತು. ಸಂಪರ್ಕ ಜಾಲದ ಯೋಜನೆಯಲ್ಲಿ, ಪಾಠ ತಯಾರಿಯಲ್ಲಿ, ಆಡಳಿತ ವ್ಯವಸ್ಥೆಯಲ್ಲಿ ಲೋಪಗಳಿದ್ದವು. ಆಕಾಶದಲ್ಲಿದ್ದ ಯಂತ್ರವನ್ನು ಕಾಯಲು ಹಾಸನದಲ್ಲಿ ಪಾಳಿಯ ಮೇಲೆ ಜನರಿದ್ದರು. ಶಾಲೆಯ ಸೂರಿನ ಮೇಲಿದ್ದ ಡಿಶ್ಶಿಗೆ ಅಂಥ ಕಾವಲು ಎಲ್ಲ ಕಡೆ ಸಿಗಲಿಲ್ಲ. ಈ ಒಂದು ವ್ಯತ್ಯಾಸ ನಮ್ಮ ಅರ್ಧ ಚರಿತ್ರೆಯನ್ನು ಹೇಳಿಬಿಡುತ್ತದೆ.

ಕಂಪ್ಯೂಟರಿನ ಕಥೆಯೂ ಹೀಗೆಯೇ. 2001-02ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ರಾಜ್ಯದ ಸುಮಾರು 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. ಹಳ್ಳಿಯ ಮಕ್ಕಳು ಮೊದಲ ಸಲ ಮೌಸ್ ಹಿಡಿದದ್ದು ಸಣ್ಣ ಸಂಗತಿಯಲ್ಲ. ಕಂಪ್ಯೂಟರ್ ಇಡುವುದು, ಕಲಿಸುವವರನ್ನು ನೇಮಿಸುವುದು, ನಿರ್ವಹಿಸುವುದು ಎಲ್ಲವೂ ಐದು ವರ್ಷದ ಗುತ್ತಿಗೆಯ ಮೇಲೆ ಖಾಸಗಿ ಕಂಪನಿಗಳಿಗೆ ಹೋಯಿತು. ಗುತ್ತಿಗೆ ಮುಗಿದಾಗ ಕಲಿಸುವವರು ಹೊರಟರು. ಶಾಲೆಯಲ್ಲೇ ಉಳಿಯುವ ಗಣಿತ ಮೇಷ್ಟ್ರು, ವಿಜ್ಞಾನದ ಮೇಡಂ ಆ ಐದು ವರ್ಷದಲ್ಲಿ ಲ್ಯಾಬಿಗೆ ಬಹುಮಟ್ಟಿಗೆ ಹೊರಗಿನವರಾಗಿದ್ದರು. ಹಸು ಕಟ್ಟಿದವರು ಹುಲ್ಲು ನೀರಿಗೂ ದಾರಿ ಮಾಡಿರಬೇಕು. ಆ ದಾರಿ ಇಲ್ಲಿ ಆಗಲಿಲ್ಲ.

ಪಕ್ಕದ ಕೇರಳ ಅದೇ 2001ರಲ್ಲಿ ಬೇರೆ ದಾರಿ ಹಿಡಿಯಿತು. ಶಾಲೆಯ ಶಿಕ್ಷಕರಿಂದಲೇ ತರಬೇತುದಾರರನ್ನು ಬೆಳೆಸಿತು, ಮುಂದೆ ಮುಕ್ತ ತಂತ್ರಾಂಶಕ್ಕೆ ಬಂತು. ಕಾಸರಗೋಡಿನ ಕನ್ನಡ ಶಾಲೆಗಳೂ ಆ ವ್ಯವಸ್ಥೆಯ ಒಳಗಿದ್ದವು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಕೇರಳದ ‘ಫಸ್ಟ್ ಬೆಲ್’ ತರಗತಿಗಳು ಕನ್ನಡದಲ್ಲೂ ನಡೆದವು. ಕೊರೊನಾಕ್ಕೂ ಮೊದಲೇ ಕರ್ನಾಟಕವೂ ಪಾಠ ಕಲಿತಿತ್ತು. 2011ರಿಂದ ಡಿಎಸ್‌ಇಆರ್‌ಟಿ, ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ, ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿತು. ಪ್ರೌಢಶಾಲೆಯ ಶಿಕ್ಷಕರು ಉಬುಂಟು ಎಂಬ ಮುಕ್ತ ತಂತ್ರಾಂಶ ಕಲಿತರು, ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದು ತೋರಿಸಿದರು, ತಾವೇ ಕನ್ನಡದಲ್ಲಿ ಪಾಠ ಬರೆದು ಹಂಚಿಕೊಂಡರು. ಯಂತ್ರ ಮೇಷ್ಟ್ರ ಕೈಗೆ ಬಂದ ಘಟ್ಟ ಅದು.

ಕೊರೊನಾದಿಂದ ನಮ್ಮಲ್ಲೂ ಶಾಲೆ ಮುಚ್ಚಿದಾಗ, 2020ರ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಡಿ ಮೇಷ್ಟ್ರುಗಳು ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ ಮಕ್ಕಳನ್ನು ಹುಡುಕಿಕೊಂಡು ಹೋದರು. ಟಿ.ವಿ. ಮತ್ತು ಮೊಬೈಲ್ ಇಲ್ಲದ ಮನೆಗಳನ್ನು ಗುರುತಿಸಿದವರೂ ಅವರೇ. ಯಂತ್ರ ಎಲ್ಲಿಗೆ ಮುಟ್ಟುತ್ತದೆ, ಎಲ್ಲಿಗೆ ಮುಟ್ಟುವುದಿಲ್ಲ ಎಂಬುದು ಹಳ್ಳಿಯ ಮೇಷ್ಟ್ರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಈಗ ಮಾಡಬೇಕಾದ್ದೇನು? ಸ್ಮಾರ್ಟ್ ಕ್ಲಾಸಿಗೆ ದಾನಿಗಳು ಬಂದಾಗ ಬೋರ್ಡಿನ ಬೆಲೆಯ ಜೊತೆಗೇ ಯುಪಿಎಸ್ ಬ್ಯಾಟರಿಯ, ಕರೆಂಟು ಬಿಲ್ಲಿನ, ಇಂಟರ್ನೆಟ್ಟಿನ ಖರ್ಚನ್ನೂ ವರ್ಷವರ್ಷಕ್ಕೆ ಬರೆದು ಕೇಳಬೇಕು. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ರಿಪೇರಿ ಬಲ್ಲ ಒಬ್ಬರಾದರೂ ಕಾಯಂ ಆಗಿ ಇರಬೇಕು. ಅರಕಲಗೂಡಿನಲ್ಲಿ ಕೆಟ್ಟ ಪ್ರೊಜೆಕ್ಟರ್ ಅರಕಲಗೂಡಿನಲ್ಲೇ ಸರಿಯಾಗಬೇಕು. ತರಬೇತಿ ಒಂದು ಸಲಕ್ಕೆ ಮುಗಿಯದೆ, ಕ್ಲಸ್ಟರ್ ಸಭೆಯಲ್ಲಿ ಒಬ್ಬ ಮೇಷ್ಟ್ರು ಇನ್ನೊಬ್ಬರಿಗೆ ಪಾಠ ತೋರಿಸುವ ರೂಢಿಯಾಗಿ ಬೆಳೆಯಬೇಕು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ‘ಲ್ಯಾಬ್ ಈ ತಿಂಗಳು ಎಷ್ಟು ದಿನ ತೆರೆದಿತ್ತು’ ಎಂಬ ಪ್ರಶ್ನೆಯನ್ನು ತಂದೆತಾಯಿಗಳು ಕೇಳಬೇಕು.

ಉಪಗ್ರಹಗಳನ್ನು ನಾಲ್ಕು ದಶಕ ಕಾಪಾಡಿಕೊಂಡು ಬಂದ ಜಿಲ್ಲೆ ನಮ್ಮದು. ಅದೇ ಶಿಸ್ತಿಗೆ, ಅದೇ ಖರ್ಚಿನ ಯೋಚನೆಗೆ ನಮ್ಮ ಮಕ್ಕಳ ತರಗತಿಯೂ ಅರ್ಹ. ಮುಂದಿನ ಸಭೆಗೆ ಹೋದಾಗ ಈ ಮಾತನ್ನು ದಯವಿಟ್ಟು ಎತ್ತಿ.