ಜಾಝ್ ಸಂಜೆ ಮತ್ತು ಊಟದ ಪಂಕ್ತಿ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪೂರ್ಣಪಾಠ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಅವರು ಸಕ್ಕರೆ ಕಾಯಿಲೆಯ ವಿಷಯವನ್ನೋ ರಕ್ತದೊತ್ತಡದ ವಿಷಯವನ್ನೋ ಎತ್ತಿಕೊಳ್ಳುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಬದಿಗಿರಿಸಿ ಜಾಝ್ ಸಂಗೀತದ ಬಗ್ಗೆ, ಅದನ್ನು ಕೇಳುತ್ತ ಮಾಡುವ ಊಟದ ಬಗ್ಗೆ, ಹಾಗೂ ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ತೋರುವ ನಮ್ಮ ಇಂಡಸ್ಟ್ರಿಯಲ್ ಏರಿಯಾದ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ. ಸಂಬಂಧ ಉಂಟು, ಅದೂ ಬಹು ಹತ್ತಿರದ ಸಂಬಂಧ, ಎಂಬುದೇ ಇಂದಿನ ನಮ್ಮ ಪ್ರತಿಪಾದನೆ.

ಕತಾರಿನಲ್ಲಿ ಜಾಝ್ ಎಂದೊಡನೆ ಹಲವರ ನೆನಪಿಗೆ ಬರುವುದು 2012ರ ಅಕ್ಟೋಬರ್ ತಿಂಗಳು. ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಅವರು ಕಟ್ಟಿ ಬೆಳೆಸಿದ ನ್ಯೂಯಾರ್ಕಿನ 'ಜಾಝ್ ಅಟ್ ಲಿಂಕನ್ ಸೆಂಟರ್' ಸಂಸ್ಥೆಯ ಹೆಸರಿನಲ್ಲೇ ದೋಹಾದ ಸೇಂಟ್ ರೀಜಿಸ್ ಹೋಟೆಲಿನಲ್ಲಿ ಒಂದು ಕ್ಲಬ್ಬು ಆಗ ಆರಂಭವಾಯಿತು. ಇಂಥ ಕ್ಲಬ್ಬುಗಳ ಸಂಪ್ರದಾಯವನ್ನು ನಮ್ಮಲ್ಲಿ ಕೆಲವರು ಬಲ್ಲಿರಿ. ಮಂದವಾದ ದೀಪಗಳು, ಬಿಳಿಯ ಬಟ್ಟೆ ಹೊದಿಸಿದ ಪುಟ್ಟ ಮೇಜುಗಳು, ನಾಲ್ಕು ಹೆಜ್ಜೆ ದೂರದಲ್ಲಿ ಪಿಯಾನೋ, ಡ್ರಮ್ಸ್, ಆಳೆತ್ತರದ ಬೇಸ್ ಮತ್ತು ಸ್ಯಾಕ್ಸೊಫೋನ್. ವಾದಕರು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನುಡಿಸಿ ವಿರಾಮ ಕೊಡುತ್ತಾರೆ. ಇದಕ್ಕೆ 'ಸೆಟ್' ಎಂದು ಹೆಸರು. ಒಬ್ಬೊಬ್ಬರ ಏಕಾಂಗಿ ವಾದನ ಮುಗಿದಾಗಲೂ, ಕೃತಿ ಇನ್ನೂ ನಡೆಯುತ್ತಿರುವಾಗಲೇ, ಚಪ್ಪಾಳೆ ತಟ್ಟುವುದು ಅಲ್ಲಿನ ಶಿಷ್ಟಾಚಾರ. ನಮ್ಮ ಕಚೇರಿಗಳಲ್ಲಿ ತನಿ ಆವರ್ತನಕ್ಕೆ ಕರತಾಡನ ಮಾಡುವಂತೆಯೇ ಇದೂ. ಮೊದಲು ಎಲ್ಲರೂ ಒಂದು ಧಾಟಿಯನ್ನು ನುಡಿಸುತ್ತಾರೆ. ಅನಂತರ ಅದೇ ಚೌಕಟ್ಟಿನೊಳಗೆ ಪ್ರತಿಯೊಬ್ಬನೂ ತನ್ನ ಮನೋಧರ್ಮವನ್ನು ಬಿಚ್ಚುತ್ತಾನೆ. ಕೊನೆಗೆ ಮತ್ತೆ ಒಂದಾಗುತ್ತಾರೆ. ಕಲ್ಪನಾಸ್ವರ ಕೇಳಿ ಬೆಳೆದ ಕಿವಿಗೆ ಇದು ಪರಕೀಯವೆನಿಸಬೇಕಾಗಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಹೊರದೇಶದಲ್ಲಿ ರೆಸಿಡೆನ್ಸಿ ಮಾಡಿದ ನಮ್ಮಂಥವರು ರಾತ್ರಿಪಾಳಿಯ ರೇಡಿಯೋದಲ್ಲಿ ಈ ಸಂಗೀತವನ್ನು ಮೊದಲು ಕೇಳಿದೆವು. ಅರ್ಥವಾಗುವ ಮೊದಲೇ ಅದು ಹಿಡಿಸಿತು.

ಆದರೆ ಈ ಸಂಗೀತ ಬಿಳಿಯ ಮೇಜುಬಟ್ಟೆಗಳ ನಡುವೆ ಹುಟ್ಟಿದ್ದಲ್ಲ. ನ್ಯೂ ಆರ್ಲಿಯನ್ಸ್ ನಗರದ ಕಾಂಗೊ ಸ್ಕ್ವೇರ್ ಎಂಬ ಬಯಲಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕದ ಗುಲಾಮರು ಭಾನುವಾರದ ಬಿಡುವಿನಲ್ಲಿ ಸೇರಿ ಬಾರಿಸಿ ಕುಣಿಯುತ್ತಿದ್ದರು. ಹೊಲಗಳಲ್ಲಿ, ಹಡಗುಕಟ್ಟೆಗಳಲ್ಲಿ ಒಬ್ಬ ಎತ್ತಿಕೊಟ್ಟ ಸೊಲ್ಲಿಗೆ ಉಳಿದವರು ದನಿಗೂಡಿಸುವ ದುಡಿಮೆಯ ಹಾಡುಗಳಿದ್ದವು. ಜಾಝ್ ಮೊಳೆತದ್ದು ಆ ಮಣ್ಣಿನಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ ಬಾಲ್ಯದಲ್ಲಿ ಕಲ್ಲಿದ್ದಲ ಗಾಡಿಯ ಹಿಂದೆ ದುಡಿದವನು. ಇದಕ್ಕೆ ಸಮಾನವಾದದ್ದು ನಮ್ಮಲ್ಲೂ ಇದೆ, ಈ ದೇಶದಲ್ಲೂ ಇದೆ. ಉತ್ತರ ಕರ್ನಾಟಕದ ಬೀಸುವ ಪದಗಳು, ತುಳುನಾಡಿನ ನಾಟಿಯ ಓಬೇಲೆಗಳು ಬೆವರಿನ ಹಾಡುಗಳೇ. ಮುತ್ತಿಗಾಗಿ ಕಡಲಿಗೆ ಧುಮುಕುತ್ತಿದ್ದ ಕೊಲ್ಲಿನಾಡಿನ ಹಡಗುಗಳಲ್ಲಿ ದುಡಿಯುವವರಿಗೆ ಹುರುಪು ತುಂಬಲೆಂದೇ 'ನಹ್ಹಾಮ್' ಎಂಬ ಹಾಡುಗಾರನಿರುತ್ತಿದ್ದನು.

ಈ ಸಂಗೀತ ಊಟದ ಮನೆಯನ್ನು ಹೊಕ್ಕಾಗ ಏನಾಯಿತೆಂಬುದು ಗಮನಾರ್ಹ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಕಾಟನ್ ಕ್ಲಬ್ ಎಂಬ ಪ್ರಖ್ಯಾತ ಸ್ಥಳವಿತ್ತು. 1927ರಿಂದ ಕೆಲವು ವರ್ಷ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ ಅಲ್ಲಿ ನುಡಿಸಿತು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜುಗಳಲ್ಲಿ ಬಿಳಿಯ ಗಿರಾಕಿಗಳು. ಕಲಾವಿದರ ನೆರೆಹೊರೆಯವರಿಗೆ ಅಲ್ಲಿ ಕುಳಿತು ಉಣ್ಣುವ ಅವಕಾಶವಿರಲಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಶಬ್ದ: ಪಂಕ್ತಿಭೇದ. ಹಾಡು ಬೇಕು, ಹಾಡುವವನು ಪಕ್ಕದಲ್ಲಿ ಬೇಡ. ಇದಕ್ಕೆ ಉತ್ತರವಾಗಿ 1938ರಲ್ಲಿ ಬಾರ್ನಿ ಜೋಸೆಫ್ಸನ್ ಎಂಬವರು ಅದೇ ನಗರದಲ್ಲಿ ಕೆಫೆ ಸೊಸೈಟಿ ತೆರೆದು, ಕರಿಯರೂ ಬಿಳಿಯರೂ ಒಂದೇ ಸಭಾಂಗಣದಲ್ಲಿ ಸಮನಾಗಿ ಕುಳಿತು ಕೇಳುವ ವ್ಯವಸ್ಥೆ ಮಾಡಿದರು. ಬಿಲ್ಲಿ ಹಾಲಿಡೇ ಅಲ್ಲಿ ಹಾಡಿದರು. ಅದೇ ಸಂಗೀತ, ಅದೇ ಊಟ. ಬದಲಾದದ್ದು ಪಂಕ್ತಿ ಮಾತ್ರ. ಆ ಬದಲಾವಣೆಯಿಂದಾಗಿಯೇ ಕೆಫೆ ಸೊಸೈಟಿಯ ಹೆಸರು ಇಂದಿಗೂ ಉಳಿದಿದೆ.

ಕನ್ನಡಿಗರಿಗೂ ಜಾಝ್‌ಗೂ ಇರುವ ನಂಟನ್ನು ನಮ್ಮ ಮಕ್ಕಳು ಅರಿತಿರಬೇಕು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ನಮ್ಮ ಗಮಕಗಳು ಹೊಮ್ಮುವಂತೆ ಆ ವಾದ್ಯವನ್ನು ಮಾರ್ಪಡಿಸಿ, ವರ್ಷಗಟ್ಟಲೆ ಸಾಧನೆ ಮಾಡಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಮ್ಮೊಡನೆ ನುಡಿಸುವಂತೆ ಅವರನ್ನು ವೇದಿಕೆಗೆ ಕರೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವಕ್ಕೂ ಅವರು ಆಹ್ವಾನಿತರಾದರು. ಕೊಲೊರಾಡೊದಲ್ಲಿ ಬೆಳೆದ, ಕನ್ನಡ ಮೂಲದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರು ಗೋಪಾಲನಾಥರೊಡನೆ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಬಂಧುಗಳು ಎಂದು ಅದರ ಅರ್ಥ. ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿಯವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆಗೂಡಿ 1983ರಲ್ಲೇ 'ಜ್ಯೋತಿ'ಯನ್ನು ಹೊರತಂದಿದ್ದರು. ಹೀಗೆ ಒಂದೇ ವೇದಿಕೆಯಲ್ಲಿ ಸಮಾನರಾಗಿ ಕೂಡುವುದನ್ನು ನಮ್ಮ ಕಲಾವಿದರು ಎಂದೋ ತೋರಿಸಿಕೊಟ್ಟಿದ್ದಾರೆ.

ಇನ್ನು ನಮ್ಮ ಊರಿಗೆ ಬರೋಣ. ದೋಹಾದ ನೈಋತ್ಯಕ್ಕಿರುವ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೀದಿಗಳಿಗೆ ಹೆಸರಿಗಿಂತ ಸಂಖ್ಯೆಯೇ ಗುರುತು. ಗ್ಯಾರೇಜು, ಗೋದಾಮು, ವರ್ಕ್‌ಶಾಪ್‌ಗಳ ನಡುವೆ ಕಾರ್ಮಿಕರ ಕ್ಯಾಂಪುಗಳು. ಅಲ್ಲಿಯ ವೆಲ್ಡರುಗಳಲ್ಲಿ, ಬಡಗಿಗಳಲ್ಲಿ, ಚಾಲಕರಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತನಾಡುವ ನಮ್ಮವರೂ ಇದ್ದಾರೆ. 2021ರ ಮಾರ್ಚಿನಲ್ಲಿ ಜಾರಿಗೆ ಬಂದ ಕನಿಷ್ಠ ವೇತನದ ನಿಯಮದಂತೆ ತಿಂಗಳಿಗೆ ಮೂಲ ವೇತನ 1000 ರಿಯಾಲ್. ಮಾಲೀಕರು ಊಟ ಒದಗಿಸದಿದ್ದರೆ ಅದಕ್ಕೆಂದು 300 ರಿಯಾಲ್. ಹೋಟೆಲಿನ ಸಂಗೀತಸಂಜೆಯಲ್ಲಿ ದಂಪತಿಗಳಿಬ್ಬರು ಒಂದು ರಾತ್ರಿಯ ಭೋಜನಕ್ಕೆ ಅಷ್ಟನ್ನು ತೆತ್ತು ಬರುವುದು ಅಪರೂಪವೇನಲ್ಲ. ದುಡಿದು ಗಳಿಸಿದ್ದನ್ನು ಉಂಡು ಸುಖಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರೆಂದು ಮಾತ್ರ ಕೇಳುತ್ತಿದ್ದೇವೆ.

ವೈದ್ಯರಾಗಿ ಒಂದೆರಡು ಮಾತು. ದಿನಕ್ಕೆ ಎಂಟು ಗಂಟೆಯಂತೆ 85 ಡೆಸಿಬೆಲ್ಲಿಗೂ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಕಿವಿಯ ಒಳಗಿನ ಸೂಕ್ಷ್ಮ ಜೀವಕೋಶಗಳು ನಾಶವಾಗುತ್ತವೆ. ಅವು ಮತ್ತೆ ಬೆಳೆಯುವುದಿಲ್ಲ. ಕಬ್ಬಿಣ ಕೊಯ್ಯುವ ಯಂತ್ರದ ಮುಂದೆ ನಿಲ್ಲುವವನಿಗೆ ಕಿವಿರಕ್ಷಕ ಅತ್ಯಗತ್ಯ. ಎದೆನೋವು, ನಿದ್ರಾಹೀನತೆ, ಹೊಟ್ಟೆಯುರಿ ಎಂದು ಬರುವ ಕಾರ್ಮಿಕರನ್ನು ಪರೀಕ್ಷಿಸಿದಾಗ ಹೃದಯವೂ ಜಠರವೂ ಸರಿಯಾಗಿರುವುದನ್ನು ನಮ್ಮ ವೃತ್ತಿಯವರು ಹಲವು ಸಲ ಕಂಡಿದ್ದೇವೆ. ಒಂಟಿತನವೂ ಅಂಥ ರೂಪಗಳನ್ನು ತಾಳಿ ಬರುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಸ್ಟ್ರೀಟ್ 1ರಿಂದ 32ರವರೆಗಿನ ಭಾಗವನ್ನು ಮುಚ್ಚಿದಾಗ ಅಲ್ಲಿದ್ದವರು ವಾರಗಟ್ಟಲೆ ಹೊರಬರಲಾಗಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ 2022ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಏಷ್ಯನ್ ಟೌನ್‌ನ ಕ್ರಿಕೆಟ್ ಕ್ರೀಡಾಂಗಣದಲ್ಲಿ ದೊಡ್ಡ ಪರದೆ ಹಾಕಿ ಸಂಗೀತ ಏರ್ಪಡಿಸಿದಾಗ ಸಾವಿರಾರು ಕಾರ್ಮಿಕರು ನೆರೆದರು. ಕೂಡಿ ನಲಿಯುವ ಹಸಿವು ಅಲ್ಲಿ ಎಷ್ಟಿದೆಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಆದ್ದರಿಂದ ಸಂಘದ ಮುಂದೆ ಒಂದು ಸಲಹೆಯನ್ನು ಇಡುತ್ತೇವೆ. ನಮ್ಮ ಸಂಗೀತ ಭೋಜನಕೂಟಗಳಲ್ಲಿ ವರ್ಷಕ್ಕೆ ಒಂದಾದರೂ, ಚಳಿಗಾಲದ ಒಂದು ಶುಕ್ರವಾರ ಸಂಜೆ, ಇಂಡಸ್ಟ್ರಿಯಲ್ ಏರಿಯಾದ ಸಮೀಪದಲ್ಲೇ ನಡೆಯಲಿ. ಅಗತ್ಯವಾದ ಅನುಮತಿಗಳನ್ನು ಮೊದಲೇ ಪಡೆಯೋಣ. ಊಟ ಸರಳವಾಗಿರಲಿ: ಬಿಸಿಬೇಳೆ ಬಾತ್, ಮೊಸರನ್ನ, ಒಂದು ಸಿಹಿ. ಪೊಟ್ಟಣ ಹಂಚಿ ಛಾಯಾಚಿತ್ರ ತೆಗೆಸಿಕೊಂಡು ಮರಳುವ ಕಾರ್ಯಕ್ರಮ ಅದಾಗಬಾರದು. ನಮ್ಮ ಮನೆಯವರು, ಮಕ್ಕಳು ಅವರೊಡನೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣಲಿ. ವೇದಿಕೆಯೂ ಅವರದಾಗಲಿ. ಕ್ಯಾಂಪುಗಳಲ್ಲಿ ಚೆಂಡೆ ಬಲ್ಲವರಿರಬಹುದು, ಹಾರ್ಮೋನಿಯಂ ಬಲ್ಲವರಿರಬಹುದು, ಯಕ್ಷಗಾನದ ಪದ ಹೇಳುವವರಿರಬಹುದು, ಹುಡುಕಿದರೆ ಸಿಗುತ್ತಾರೆ. ಸ್ಯಾಕ್ಸೊಫೋನೋ ಕೀಬೋರ್ಡೋ ಕಲಿಯುತ್ತಿರುವ ನಮ್ಮ ಮಕ್ಕಳು ಅವರ ಪಕ್ಕದಲ್ಲಿ ನಿಂತು ನುಡಿಸಲಿ. ಒಬ್ಬರು ಸೊಲ್ಲೆತ್ತಿ ಕೊಡಲಿ, ಇನ್ನೊಬ್ಬರು ಉತ್ತರ ಕೊಡಲಿ. ಜಾಝ್ ಎಂದರೆ ಮೂಲತಃ ಅದೇ.

ನಮ್ಮ ಮಕ್ಕಳು ಜಾಝ್ ಕೇಳಲಿ, ಒಳ್ಳೆಯ ಮೇಜಿನಲ್ಲಿ ಕುಳಿತು ಉಣ್ಣುವುದನ್ನೂ ಕಲಿಯಲಿ. ಅದರೊಂದಿಗೆ, ಆ ಮೇಜಿನಲ್ಲಿ ಯಾರಿಗೆ ಜಾಗವಿಲ್ಲವೆಂದು ಗಮನಿಸುವ ಕಣ್ಣೂ ಅವರಿಗಿರಲಿ. ಆ ಶುಕ್ರವಾರದ ದಿನಾಂಕವನ್ನು ಕಾರ್ಯಕಾರಿ ಸಮಿತಿಯು ತನ್ನ ಮುಂದಿನ ಸಭೆಯಲ್ಲೇ ನಿಶ್ಚಯಿಸಬೇಕೆಂದು ವಿನಂತಿಸುತ್ತೇವೆ.