ಹೋಗದ ಕೆಂಗಣ್ಣು ಮತ್ತು ರೆಪ್ಪೆಯ ಸೂಜಿಮದ್ದು

(ಕೋಡಂಬಾಕ್ಕಂನಲ್ಲಿ ನಡೆದ ಸಂಘದ ಆರೋಗ್ಯ ಗೋಷ್ಠಿಯಲ್ಲಿ ಸದಸ್ಯ ನೇತ್ರವೈದ್ಯರೊಬ್ಬರು ಮಾಡಿದ ಭಾಷಣ)



ಕೋಡಂಬಾಕ್ಕಂ ಕನ್ನಡಿಗರಿಗೆ ಅಪರಿಚಿತ ಸ್ಥಳವಲ್ಲ. ನಮ್ಮ ಚಿತ್ರರಂಗ ಬೆಂಗಳೂರಿನಲ್ಲಿ ನೆಲೆ ನಿಲ್ಲುವ ಮುನ್ನ ಇಲ್ಲಿನ ಸ್ಟುಡಿಯೋಗಳ ಆಶ್ರಯದಲ್ಲೇ ಬೆಳೆಯಿತು. ಸ್ಟುಡಿಯೋಗಳ ಆರ್ಕ್ ದೀಪದ ಕಿರಣಗಳು ಕಣ್ಣನ್ನು ಕೆಂಪಾಗಿಸಬಲ್ಲವು. ಮನೆಯಿಂದ ಮನೆಗೆ ಹರಡುವ ‘ಮದ್ರಾಸ್ ಐ’ ಇನ್ನೊಂದು ಬಗೆಯ ಕೆಂಗಣ್ಣು. ಬೆಂಗಳೂರಿನವರೂ ಅದನ್ನು ಈ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಇವೆರಡೂ ಸಾಮಾನ್ಯವಾಗಿ ಬಂದು ಹೋಗುವಂಥವು. ನಾನಿಂದು ಅರಿಕೆ ಮಾಡಬೇಕೆಂದಿರುವುದು ಹೋಗಲೊಲ್ಲದ ಕೆಂಗಣ್ಣನ್ನು ಕುರಿತು.

ವೈದ್ಯರು ಇದನ್ನು ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಎನ್ನುತ್ತಾರೆ. ‘ವರ್ನಲ್’ ಎಂದರೆ ವಸಂತಕ್ಕೆ ಸೇರಿದ್ದು. ಆದರೆ ನಮ್ಮ ಸೆಕೆಯ ನಾಡಿನಲ್ಲಿ ಅದು ವಸಂತಕ್ಕೆ ಕಾಯುವುದಿಲ್ಲ. ಕೆಲವರನ್ನು ವರ್ಷವಿಡೀ ಕಾಡುತ್ತದೆ. ಅಲರ್ಜಿ ಮೂಲದ ಈ ಉರಿಯೂತ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ಮಗು ಸದಾ ಕಣ್ಣುಜ್ಜುತ್ತದೆ, ಬಿಸಿಲಿಗೆ ಕಣ್ಣು ಬಿಡಲಾರದು, ನೂಲಿನಂಥ ಪಿಸಿರು ಬರುತ್ತದೆ. ಮೇಲ್ರೆಪ್ಪೆಯನ್ನು ಮಗುಚಿದರೆ ಒಳಗೆ ಕಲ್ಲು ಹಾಸಿದಂತೆ ಗಂಟುಗಳು. ಅವುಗಳ ಉಪಟಳ ಹೆಚ್ಚಿದರೆ ಕಾರ್ನಿಯಾ ಎಂಬ ಪಾರದರ್ಶಕ ಪಟಲದ ಮೇಲೆ ಹುಣ್ಣಾಗುವುದೂ ಉಂಟು.

ತಣ್ಣೀರಿನ ಒತ್ತಡ, ಅಲರ್ಜಿ ತಡೆಯುವ ಹನಿಗಳು, ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್‌ಗಳಂಥ ಔಷಧಗಳು: ಇವು ಚಿಕಿತ್ಸೆಯ ಮೆಟ್ಟಿಲುಗಳು. ಯಾವುದಕ್ಕೂ ಬಗ್ಗದಿದ್ದಾಗ ರೆಪ್ಪೆಯ ಸೂಜಿಮದ್ದಿನ ಮಾತು ಬರುತ್ತದೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಮೇಲ್ರೆಪ್ಪೆಯನ್ನು ಮಗುಚಿ, ಅದಕ್ಕೆ ಆಕಾರ ಕೊಡುವ ಗಟ್ಟಿ ಪಟ್ಟಿಯ ಮೇಲಂಚಿನಾಚೆ, ಒಳಪೊರೆಯ ಅಡಿಯಲ್ಲಿ, ಅಲ್ಪ ಪ್ರಮಾಣದ ಸ್ಟೀರಾಯ್ಡನ್ನು ಇಳಿಸುತ್ತಾರೆ. ಸೂಜಿ ಕಣ್ಣುಗುಡ್ಡೆಯೊಳಕ್ಕೆ ಹೋಗುವುದಿಲ್ಲ. ತೀರ ಚಿಕ್ಕ ಮಕ್ಕಳಿಗೆ ಅರಿವಳಿಕೆ ಬೇಕಾಗಬಹುದು. ಅಮೆರಿಕದ ಹೋಲ್ಸ್‌ಕ್ಲಾ ಮತ್ತು ಸಂಗಡಿಗರು ಈ ವಿಧಾನವನ್ನು 1996ರಲ್ಲಿ ಪ್ರಕಟಿಸಿದರು. 1999ರಲ್ಲಿ ಚಂಡೀಗಢದ ವೈದ್ಯರು ಡೆಕ್ಸಾಮೆಥಾಸೋನ್ ಮತ್ತು ಟ್ರಯಾಮ್ಸಿನೊಲೋನ್‌ಗಳನ್ನು ಹೀಗೆ ಕೊಟ್ಟು ಹೋಲಿಸಿ ನೋಡಿದರು. ಕೆಲವೇ ದಿನಗಳಲ್ಲಿ ಉಪಶಮನ ದೊರೆಯುವುದು ನಿಜ. ರೋಗ ಮರುಕಳಿಸುವುದೂ ಅಷ್ಟೇ ನಿಜ.

ಹಾಗಾದರೆ ಅಪಾಯವೆಲ್ಲಿದೆ? ಸ್ಟೀರಾಯ್ಡ್ ಕೆಲವರ ಕಣ್ಣಿನೊಳಗಿನ ಒತ್ತಡವನ್ನು ಏರಿಸುತ್ತದೆ. ಸೂಜಿಮದ್ದು ಕೊಟ್ಟ ವೈದ್ಯರು ಮುಂದೆ ಆ ಒತ್ತಡವನ್ನು ಅಳೆಯುತ್ತಿರುತ್ತಾರೆ. ಆದರೆ ತಾಯಂದಿರ ಕೈಗೆ ಸಿಗುವ ಸ್ಟೀರಾಯ್ಡ್ ಹನಿಯನ್ನು ಅಳೆಯುವವರಿಲ್ಲ. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ಮತ್ತೆ ಮತ್ತೆ ತಂದ ಹನಿಯಿಂದ ಕೆಂಪು ಮಾಯವಾಗುತ್ತದೆ. ಒಳಗೆ ಗ್ಲಾಕೋಮಾ ಸದ್ದಿಲ್ಲದೆ ದೃಷ್ಟಿನರವನ್ನು ತಿನ್ನುತ್ತದೆ. ಈ ರೋಗವೋ ಬಹುಪಾಲು ಮಕ್ಕಳಲ್ಲಿ ಹರೆಯ ದಾಟುತ್ತಲೇ ತಾನಾಗಿ ಅಡಗುತ್ತದೆ. ಹೋಗಲಿದ್ದ ರೋಗಕ್ಕಾಗಿ ಮರಳಿ ಬಾರದ ದೃಷ್ಟಿಯನ್ನು ತೆತ್ತರೆ, ಅದಕ್ಕಿಂತ ದುಬಾರಿ ವ್ಯಾಪಾರ ಯಾವುದು?

1819ರಲ್ಲಿ ಸ್ಥಾಪನೆಯಾದ, ಇಂದು ಎಗ್ಮೋರಿನಲ್ಲಿರುವ ಸರ್ಕಾರಿ ಕಣ್ಣಾಸ್ಪತ್ರೆ ಈ ನಗರದ ಹೆಮ್ಮೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗ್ಲಾಕೋಮಾ ಶಸ್ತ್ರಚಿಕಿತ್ಸೆಗೆ ಜಗತ್ತಿನಾದ್ಯಂತ ಹೆಸರಾದ ರಾಬರ್ಟ್ ಎಲಿಯಟ್ ಅಲ್ಲಿನ ಮುಖ್ಯಸ್ಥರಾಗಿದ್ದವರು. ಅಂಥ ನಗರದಲ್ಲಿದ್ದೂ ನಮ್ಮ ಮಕ್ಕಳು ಒಂದು ಸೀಸೆಯ ಹನಿಯಿಂದ ದೃಷ್ಟಿ ಕಳೆದುಕೊಳ್ಳಬಾರದು.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಸೀಸೆಯ ಮೇಲಿನ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಅಂಗಡಿಯವನ ಮಾತು ತಮಿಳಿನಲ್ಲಿ. ಹನಿ ಹಾಕುವ ಅಜ್ಜಿಗೆ ಬರುವುದು ಕನ್ನಡ. ರಾಜ್ಯೋತ್ಸವದಂದು ಬಾವುಟ ಹಾರಿಸುವ ಸಂಘ ಅಜ್ಜಿಯ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿಯನ್ನೂ ಕೊಡಲಿ. ಅದರಲ್ಲಿ ಮೂರೇ ಮಾತು ಸಾಕು: ಈ ಹನಿಯಲ್ಲಿ ಸ್ಟೀರಾಯ್ಡ್ ಇದೆಯೇ? ಎಷ್ಟು ದಿನ ಹಾಕಬೇಕು? ಕಣ್ಣಿನ ಒತ್ತಡವನ್ನು ಯಾವಾಗ ನೋಡುತ್ತೀರಿ? ಸೂಜಿಮದ್ದು ಬೇಕೆಂದು ವೈದ್ಯರು ಹೇಳಿದಾಗಲೂ ಅಂಜದೆ ಇವನ್ನೇ ಕೇಳಿ. ಉತ್ತರ ದೊರೆಯುವವರೆಗೆ ಕುರ್ಚಿ ಬಿಟ್ಟೇಳಬೇಡಿ.